ಸಿಲಿಕಾ ನ್ಯಾನೊತಂತಿಗಳ ನೀಲಿ ಬೆಳಕು ಎಲ್ಲಿಂದ?

ಪ್ರಶ್ನೆ:
ಸಿಲಿಕಾನ್ ಬಿಲ್ಲೆಗೆ ಚಿನ್ನದ ತೆಳುಪದರ ಲೇಪಿಸಿ, ಆರ್ಗಾನ್ ಹರಿಯುವ ಕುಲುಮೆಯಲ್ಲಿ ಸುಮಾರು 1100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ನ್ಯಾನೊತಂತಿಗಳ, ಅಂದರೆ ಕೂದಲಿಗಿಂತ ಬಹಳ ತೆಳುವಾದ ಎಳೆಗಳ, ಹತ್ತಿಯಂತಹ ಬಿಳಿ ಪದರವೊಂದು ದೊರೆಯಿತು. ಎಕ್ಸ್-ಕಿರಣ ವಿವರ್ತನೆಯಲ್ಲಿ ಅಗಲವಾದ ಉಬ್ಬು ಮಾತ್ರ ಕಾಣುತ್ತದೆ, ಅಂದರೆ ಪರಮಾಣುಗಳಿಗೆ ಸ್ಫಟಿಕದ ಕ್ರಮಬದ್ಧ ಜೋಡಣೆ ಇಲ್ಲ; ನೇರಳಾತೀತ ಬೆಳಕಿನಡಿ ಅದು ನೀಲಿಯಾಗಿ ಹೊಳೆಯುತ್ತದೆ. ಆಮ್ಲಜನಕವನ್ನು ನಾನು ಹರಿಸಿಯೇ ಇಲ್ಲ. ಹಾಗಿದ್ದರೆ ಇದು ಸಿಲಿಕಾನ್ ಮತ್ತು ಆಮ್ಲಜನಕದ ಸಂಯುಕ್ತವಾದ ಸಿಲಿಕಾ ಹೇಗಾದೀತು? ಬೆಳಕು ಚಿನ್ನದ್ದೇ?

ಉತ್ತರ 1:
ಅನಿಲದಲ್ಲಿ, ಕೊಳವೆಯ ಸೋರಿಕೆಯಲ್ಲಿ ಇರುವ ಅತ್ಯಲ್ಪ ಆಮ್ಲಜನಕವೇ ಇದಕ್ಕೆ ಸಾಕು. 1964ರಲ್ಲಿ ಬೆಲ್ ಪ್ರಯೋಗಾಲಯದ ವ್ಯಾಗ್ನರ್ ಮತ್ತು ಎಲಿಸ್ ಸಿಲಿಕಾನ್ ಎಳೆಗಳಿಗಾಗಿ ವಿವರಿಸಿದ ಅನಿಲ-ದ್ರವ-ಘನ ಕ್ರಮವೇ (ಅನಿಲದಲ್ಲಿನ ವಸ್ತು ದ್ರವ ಹನಿಯಲ್ಲಿ ಕರಗಿ, ಘನ ಎಳೆಯಾಗಿ ಹೊರಬರುವುದು) ಇಲ್ಲಿಯೂ ಆಧಾರ: ಚಿನ್ನ 1064 ಡಿಗ್ರಿಯಲ್ಲಿ ಕರಗಿದರೂ, ಸಿಲಿಕಾನ್ ಜೊತೆಗಿನ ಅದರ ಮಿಶ್ರಣ ಸುಮಾರು 363 ಡಿಗ್ರಿಯಲ್ಲೇ ದ್ರವವಾಗುವುದರಿಂದ, ಚಿನ್ನದ ಪದರವು ಒಡೆದು ಹನಿಗಳಾಗಿ, ಸಿಲಿಕಾನ್ ಅನ್ನು ಹೀರಿಕೊಂಡು, ಆಮ್ಲಜನಕದೊಡನೆ ಸೇರಿದ ಅಸ್ಫಟಿಕ ಸಿಲಿಕಾವನ್ನು ತಂತಿಯಾಗಿ ಹೊರಚೆಲ್ಲುತ್ತದೆ. ಎಳೆಯ ತುದಿಯಲ್ಲಿ ಲೋಹದ ಹನಿ ಇದೆಯೇ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿರಿ; ಇದ್ದರೆ ಅದು ಈ ಕ್ರಮದ ಗುರುತು. ಚಿನ್ನದ ಬದಲು ಗ್ಯಾಲಿಯಂ ಎಂಬ ಲೋಹ ಬಳಸಿದರೆ ಚಿತ್ರವೇ ಬೇರೆ. ಒಂದೇ ದೊಡ್ಡ ಹನಿಯಿಂದ ಸಾವಿರಾರು ಎಳೆಗಳು ಹೊರಡುತ್ತವೆ.

ಉತ್ತರ 2:
ಬೆಳಕನ್ನು ಚಿನ್ನಕ್ಕೆ ಆರೋಪಿಸುವುದು ಅವಸರದ ತೀರ್ಮಾನ ಎಂದು ನನ್ನ ಅಭಿಪ್ರಾಯ. ಸಿಲಿಕಾದ ಶಕ್ತಿ ಅಂತರ (ಎಲೆಕ್ಟ್ರಾನು ದಾಟಬೇಕಾದ ಶಕ್ತಿಯ ಕಂದರ) ಸುಮಾರು 9 ಎಲೆಕ್ಟ್ರಾನ್ ವೋಲ್ಟ್, ಗೋಚರ ಬೆಳಕಿನ ಶಕ್ತಿಗಿಂತ ಬಹಳ ಹೆಚ್ಚು, ಇರುವುದರಿಂದ, ದೋಷರಹಿತ ಸಿಲಿಕಾ ಗೋಚರ ಬೆಳಕನ್ನು ಸೂಸಲಾರದು. ಆಮ್ಲಜನಕದ ಕೊರತೆಯಲ್ಲಿ ಬೆಳೆದ ಎಳೆಯಲ್ಲಿ ಆಮ್ಲಜನಕದ ಪರಮಾಣುಗಳು ತಪ್ಪಿದ ಜಾಗಗಳು ಉಳಿಯುತ್ತವೆ, 2.7 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನ ನೀಲಿ ಬೆಳಕನ್ನು ಸಾಮಾನ್ಯವಾಗಿ ಇವುಗಳಿಗೇ ಹೊಂದಿಸುತ್ತಾರೆ. ಮಾದರಿಯ ಒಂದು ತುಂಡನ್ನು ಆಮ್ಲಜನಕದಲ್ಲಿ ಮತ್ತೆ ಕಾಯಿಸಿ, ಎರಡರ ರೋಹಿತಗಳನ್ನು (ಬಣ್ಣವಾರು ಬೆಳಕಿನ ಹಂಚಿಕೆಯನ್ನು) ಹೋಲಿಸಿರಿ; ಆ ಜಾಗಗಳು ತುಂಬಿದಂತೆ ನೀಲಿ ಕುಂದಬೇಕು.

ಪ್ರಶ್ನೆ ಕೇಳಿದವರು:
ತುದಿಗಳಲ್ಲಿ ಹನಿಗಳಿವೆ. ಆಮ್ಲಜನಕದಲ್ಲಿ ಕಾಯಿಸಿದ ತುಂಡಿನ ನೀಲಿ ಬಹುಮಟ್ಟಿಗೆ ಕುಂದಿದೆ, ಆದರೆ 650 ನ್ಯಾನೊಮೀಟರ್ ಬಳಿ ಮಂದವಾದ ಕೆಂಪು ಕಾಣಿಸಿಕೊಂಡಿದೆ.

ಉತ್ತರ 2:
ಆ ಕೆಂಪು, ಎರಡು ಸಿಲಿಕಾನ್ ಪರಮಾಣುಗಳ ನಡುವೆ ಸೇತುವೆಯಾಗದೆ ಒಂದಕ್ಕೆ ಮಾತ್ರ ಅಂಟಿ ಉಳಿದ ಆಮ್ಲಜನಕದ ದೋಷದ್ದಾಗಿರಬಹುದು.