ಉಡುಪಿ–ಮಂಗಳೂರು ದಾರಿಯಲ್ಲಿ ಅಡಾಪ್ಟಿವ್ ಕ್ರೂಸ್: ಬಳಸಿದವರು ಹೇಳಿ

ಹೋದ ತಿಂಗಳು ಹೊಸ ಕಾರು ತಗೊಂಡೆವು. ಅದರಲ್ಲಿ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಇದೆ, ಅಂದರೆ ನಾವು ಸೆಟ್ ಮಾಡಿದ ಸ್ಪೀಡಿನಲ್ಲಿ ಕಾರು ತಾನಾಗೇ ಓಡುತ್ತದೆ, ಮುಂದೆ ನಿಧಾನದ ಗಾಡಿ ಸಿಕ್ಕಿದರೆ ತಾನೇ ಸ್ಪೀಡ್ ಇಳಿಸುತ್ತದೆ. ನಾನು ವಾರಕ್ಕೆ ಐದು ದಿನ ಕೆಲಸಕ್ಕೆ ಉಡುಪಿಯಿಂದ ಮಂಗಳೂರಿಗೆ ಹೋಗಿ ಬರುತ್ತೇನೆ, ಪೂರ್ತಿ ಹೆದ್ದಾರಿ 66ರಲ್ಲೇ. ಶೋರೂಮಿನಲ್ಲಿ ಬಟನ್ ತೋರಿಸಿದರು, ಅಷ್ಟೇ. ಒಂದೆರಡು ಸಲ ಹಾಕಿ ನೋಡಿದೆ. ಅದು ತಾನಾಗೇ ಬ್ರೇಕ್ ಹಿಡಿಯುವಾಗ ಎದೆ ಧಸಕ್ ಅನ್ನುತ್ತದೆ. ನಮ್ಮ ರಸ್ತೆಯಲ್ಲಿ ಇದನ್ನು ನಂಬಬಹುದಾ? ಎಲ್ಲಿ ಹಾಕಬೇಕು, ಎಲ್ಲಿ ತೆಗೆಯಬೇಕು?

ಕಾಪುವಿನಿಂದ

ಎರಡು ವರ್ಷದಿಂದ ಇದೇ ದಾರಿಯಲ್ಲಿ ಬಳಸುತ್ತಿದ್ದೇನೆ. ನೀವೂ ಬಳಸಿ. ಆದರೆ ಅದಕ್ಕೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅಂತ ಮೊದಲು ತಿಳಿದುಕೊಳ್ಳಿ.

ಮುಂದಿನ ಬಂಪರ್ ಅಥವಾ ಗ್ರಿಲ್ ಹತ್ತಿರ ಒಂದು ರಾಡಾರ್ ಇರುತ್ತದೆ. ಎಷ್ಟೋ ಕಾರುಗಳಲ್ಲಿ ಗಾಜಿನ ಮೇಲ್ಭಾಗದಲ್ಲಿ, ಒಳಗನ್ನಡಿಯ ಹಿಂದೆ, ಕ್ಯಾಮೆರಾ ಕೂಡ ಇದೆ. ನಿಮ್ಮ ಲೇನಿನಲ್ಲಿ, ನಿಮ್ಮ ದಿಕ್ಕಿಗೇ ಓಡುತ್ತಿರುವ ಗಾಡಿಯನ್ನು ಇವು ಚೆನ್ನಾಗಿ ಹಿಡಿಯುತ್ತವೆ. ಕಷ್ಟ ಇರುವುದು ನಿಂತ ವಸ್ತುವಿನ ವಿಷಯದಲ್ಲಿ. ಡಿವೈಡರ್, ಬೋರ್ಡು, ಸೇತುವೆಯ ಕಂಬಿ, ಎಲ್ಲವೂ ರಾಡಾರಿಗೆ ಸಿಗುತ್ತವೆ. ಎಲ್ಲದಕ್ಕೂ ಬ್ರೇಕ್ ಹಿಡಿದರೆ ಕಾರು ಓಡಿಸಲಿಕ್ಕೇ ಆಗುವುದಿಲ್ಲ. ಅದಕ್ಕೆ ಸ್ಪೀಡಿನಲ್ಲಿ ಹೋಗುವಾಗ, ಮೊದಲಿನಿಂದಲೂ ನಿಂತೇ ಇರುವ ವಸ್ತುವನ್ನು ಎಷ್ಟೋ ಕಾರುಗಳ ಕ್ರೂಸ್ ಲೆಕ್ಕಕ್ಕೆ ತಗೊಳ್ಳುವುದಿಲ್ಲ, ಇಲ್ಲವೇ ತಡವಾಗಿ ತಗೊಳ್ಳುತ್ತದೆ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಇದು ಬರೆದಿರುತ್ತದೆ. ದಯವಿಟ್ಟು ಆ ಪುಟ ಓದಿ.

ನಾನು ಓದಿರಲಿಲ್ಲ. ಪಡುಬಿದ್ರಿ ದಾಟಿ ಹೆಜಮಾಡಿ ಕಡೆ ಹೋಗುತ್ತಿದ್ದೆ, ಸಂಜೆ ಏಳೂವರೆ ಇರಬೇಕು. 80ಕ್ಕೆ ಸೆಟ್ ಮಾಡಿದ್ದೆ. ಮುಂದೆ ಒಂದು ಬಿಳಿ ಕಾರು ಇತ್ತು, ಅದು 65ರಲ್ಲಿ ಹೋಗುತ್ತಿತ್ತು, ನನ್ನದೂ ಅದರ ಹಿಂದೆ 65ರಲ್ಲಿ. ಇದ್ದಕ್ಕಿದ್ದ ಹಾಗೆ ಬಿಳಿ ಕಾರು ಬಲಕ್ಕೆ ಸರಿಯಿತು. ಅದರ ಮರೆಯಲ್ಲಿ ಇದ್ದದ್ದು ಎಡ ಲೇನಿನಲ್ಲೇ ನಿಲ್ಲಿಸಿದ್ದ ಟ್ಯಾಂಕರ್. ಇಂಡಿಕೇಟರ್ ಇಲ್ಲ, ಹಿಂದೆ ಒಂದು ಮರದ ಕೊಂಬೆ ಇಟ್ಟಿದ್ದರು. ಮೀಟರಿನಲ್ಲಿ ಮುಂದಿನ ಗಾಡಿಯ ಚಿತ್ರ ಮಾಯವಾಯಿತು. ದಾರಿ ಖಾಲಿ ಅಂತ ಕಾರು ತಿಳಿದುಕೊಂಡಿತು. ಎಂಜಿನ್ ಸದ್ದು ಏರಿತು. ಅಂದರೆ ಟ್ಯಾಂಕರ್ ಕಡೆಗೆ ಸ್ಪೀಡ್ ಜಾಸ್ತಿ ಮಾಡುತ್ತಾ ಹೋಯಿತು! ನನ್ನ ಬಲಗಾಲು ನೆಲದ ಮೇಲೆ ಆರಾಮವಾಗಿತ್ತು. ಅದನ್ನು ಎತ್ತಿ ಬ್ರೇಕ್ ಒತ್ತುವಷ್ಟರಲ್ಲಿ ಆ ಕೊಂಬೆಯ ಎಲೆಗಳು ಹೆಡ್‌ಲೈಟಿನಲ್ಲಿ ಒಂದೊಂದಾಗಿ ಕಾಣುತ್ತಿದ್ದವು. ನಿಂತೆ, ಆದರೆ ಕೈ ನಡುಗುವುದು ಮೂಲ್ಕಿ ಸೇತುವೆ ದಾಟಿದರೂ ನಿಂತಿರಲಿಲ್ಲ.

ಅಂದಿನಿಂದ ಕ್ರೂಸ್ ಹಾಕಿದಾಗಲೂ ನನ್ನ ಕಾಲು ಬ್ರೇಕ್ ಪೆಡಲಿನ ಮೇಲೇ, ಒತ್ತದೆ, ಸುಮ್ನೆ ಮುಟ್ಟುವ ಹಾಗೆ. 80ರ ವೇಗ ಅಂದರೆ ಸೆಕೆಂಡಿಗೆ 22 ಮೀಟರ್. ಕಾಲು ಹುಡುಕಿಕೊಂಡು ಹೋಗುವ ಒಂದು ಸೆಕೆಂಡಿನಲ್ಲಿ ಕಾರು ಅಷ್ಟು ದೂರ ಹೋಗಿರುತ್ತದೆ. ಇನ್ನೊಂದು, ಮುಂದಿನ ಕಾರನ್ನಷ್ಟೇ ನೋಡಬೇಡಿ, ಅದರ ಆಚೆಯೂ ನೋಡಿ. ಮುಂದಿನ ಕಾರನ್ನು ರಾಡಾರ್ ನೋಡಿಕೊಳ್ಳುತ್ತದೆ. ಅದರ ಮುಂದೆ ಏನಿದೆ ಅನ್ನುವುದು ನಮ್ಮ ಕೆಲಸ. ಲಾರಿ, ಬಸ್ಸಿನ ಹಿಂದೆ ಇದ್ದರೆ ಆಚೆ ಏನೂ ಕಾಣುವುದಿಲ್ಲ, ಅಲ್ವಾ? ಆಗ ನಾನು ಕ್ರೂಸ್ ತೆಗೆದುಬಿಡುತ್ತೇನೆ. ಮತ್ತೆ, ಸುತ್ತಲಿನ ಗಾಡಿಗಳು 65ರಲ್ಲಿ ಹೋಗುತ್ತಿದ್ದರೆ 80ಕ್ಕೆ ಸೆಟ್ ಮಾಡಬೇಡಿ. 65ಕ್ಕೇ ಮಾಡಿ. ದಾರಿ ಖಾಲಿ ಅಂತ ತಪ್ಪು ತಿಳಿದರೂ ಅದಕ್ಕೆ ಏರಲಿಕ್ಕೆ ಜಾಗ ಇರುವುದಿಲ್ಲ.

ಸುರತ್ಕಲ್‌ನಿಂದ

ಮೇಲೆ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಗ್ಯಾಪ್ ಬಗ್ಗೆ, ಅಂದರೆ ಮುಂದಿನ ಗಾಡಿಯಿಂದ ಎಷ್ಟು ದೂರ ಇರಬೇಕು ಅಂತ ಕ್ರೂಸಿನಲ್ಲಿ ಸೆಟ್ ಮಾಡುವ ಅಂತರದ ಬಗ್ಗೆ ಹೇಳುತ್ತೇನೆ.

ಗ್ಯಾಪ್ ದೊಡ್ಡದು ಇಟ್ಟರೆ ಎಲ್ಲರೂ ಮಧ್ಯೆ ನುಗ್ಗುತ್ತಾರೆ ಅಂತ ನನ್ನ ತಮ್ಮ ಯಾವಾಗಲೂ ಚಿಕ್ಕದೇ ಇಡುತ್ತಾನೆ. ನುಗ್ಗಲಿ ಬಿಡಿ. ಮುಂದಿನ ಗಾಡಿ ಒಂದು ಬೋರ್ಡ್ ದಾಟಿದ ಮೇಲೆ ನೀವು ಅದೇ ಬೋರ್ಡ್ ದಾಟಲಿಕ್ಕೆ ಎಷ್ಟು ಹೊತ್ತು ಆಗುತ್ತದೆ ಅಂತ ಎಣಿಸಿ ನೋಡಿ. ಎರಡು ಸೆಕೆಂಡಿಗಿಂತ ಕಡಿಮೆ ಬಂದರೆ ಗ್ಯಾಪ್ ಸಾಲದು. ಕ್ರೂಸ್ ಹಿಡಿಯುವ ಬ್ರೇಕಿಗೆ ಒಂದು ಮಿತಿ ಇದೆ. ನಾವು ಭಯದಿಂದ ತುಳಿಯುವಷ್ಟು ಜೋರಾಗಿ ಅದು ತುಳಿಯುವುದಿಲ್ಲ. ಚಿಕ್ಕ ಗ್ಯಾಪ್ ಇಟ್ಟರೆ ಆ ಮಿತಿ ಬೇಗ ಮುಗಿಯುತ್ತದೆ. ಬೀಪ್ ಬಂತು ಅಂದರೆ ‘ಇನ್ನು ನನ್ನಿಂದ ಆಗುವುದಿಲ್ಲ, ನೀನೇ ಹಿಡಿ’ ಅಂತ ಅರ್ಥ.

ಎದೆ ಧಸಕ್ ಅನ್ನುತ್ತದೆ ಅಂದಿರಲ್ಲ, ನನಗೂ ಹಾಗೇ ಆಗುತ್ತಿತ್ತು. ಆದರೆ ನನಗಿಂತ ಜಾಸ್ತಿ ಗಾಬರಿ ಹಿಂದಿನವರಿಗೆ. ಸರ್ವಿಸ್ ರೋಡಿನಿಂದ ಬೈಕ್ ನುಗ್ಗಿದ ಕೂಡಲೇ ಕಾರು ಬ್ರೇಕ್ ಹಿಡಿಯುತ್ತದೆ. ಹಿಂದೆ ಎಕ್ಸ್‌ಪ್ರೆಸ್ ಬಸ್ಸು ಅಂಟಿಕೊಂಡು ಬರುತ್ತಿರುತ್ತದೆ. ಈ ಕಾರು ಯಾಕೆ ನಿಧಾನ ಮಾಡಿತು ಅಂತ ಡ್ರೈವರಿಗೆ ಹೇಗೆ ಗೊತ್ತಾಗಬೇಕು? ಬಸ್ಸು ಹಿಂದೆ ಬಂದರೆ ನಾನು ಎಡಕ್ಕೆ ಸರಿದು ದಾರಿ ಬಿಡುತ್ತೇನೆ, ಆಮೇಲೆ ಕ್ರೂಸ್. ರಾಂಗ್ ಸೈಡಿನಲ್ಲಿ ಎದುರು ಬರುವ ಸ್ಕೂಟರ್‌ಗೆ, ಡಿವೈಡರ್ ಸಂದಿಯಲ್ಲಿ ಅಡ್ಡ ತಿರುಗುವ ರಿಕ್ಷಾಕ್ಕೆ, ದನಕ್ಕೆ, ರಸ್ತೆ ದಾಟುವ ಮಕ್ಕಳಿಗೆ ಇದು ಬ್ರೇಕ್ ಹಿಡಿಯುತ್ತದೆ ಅಂತ ಎಂದೂ ನಂಬಬೇಡಿ.

ಸುರತ್ಕಲ್ ಆದ ಮೇಲೆ, ಬೈಕಂಪಾಡಿ, ಪಣಂಬೂರು, ಕೂಳೂರು, ನಂತೂರಿನವರೆಗೆ ನಾನು ಹಾಕುವುದೇ ಇಲ್ಲ.

ಮಂಗಳೂರಿನಿಂದ

ಮಳೆ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಮುಖ್ಯ ವಿಷಯ. ಜೋರು ಮಳೆಗೆ ಕ್ಯಾಮೆರಾ ಮಂಕಾಗುತ್ತದೆ. ಲಾರಿ ಎರಚಿದ ಕೆಸರು ಒಣಗಿ ರಾಡಾರಿನ ಮುಖ ಮುಚ್ಚುತ್ತದೆ. ಆಗ ಮೀಟರಿನಲ್ಲಿ ಸೂಚನೆ ಕೊಟ್ಟು ಕ್ರೂಸ್ ತಾನಾಗೇ ನಿಂತುಬಿಡಬಹುದು. ನಾನು ಸೀಟಿನ ಪಕ್ಕದಲ್ಲಿ ಒಂದು ಒದ್ದೆ ಬಟ್ಟೆ ಇಟ್ಟಿರುತ್ತೇನೆ.

ಅದಕ್ಕಿಂತ ದೊಡ್ಡ ತೊಂದರೆ ಸೂಚನೆ ಬಾರದಿದ್ದಾಗ. ರಾಡಾರ್ ಮಳೆಯಲ್ಲೂ ಸುಮಾರಾಗಿ ಕೆಲಸ ಮಾಡುತ್ತದೆ. ಆದರೆ ರಸ್ತೆ ಒದ್ದೆ ಇದೆ, ಟಯರ್ ಹಿಡಿತ ಕಡಿಮೆ ಇದೆ ಅಂತ ಗ್ಯಾಪ್ ತಾನಾಗೇ ಹೆಚ್ಚಾಗುತ್ತದೆ ಅಂದುಕೊಳ್ಳಬೇಡಿ. ನಿಂತ ನೀರಿನ ಮೇಲೆ ಟಯರ್ ತೇಲುವಾಗ ಕ್ರೂಸ್ ಇರಲೇಬಾರದು. ಮಳೆ ಬಂದರೆ ತೆಗೆಯಿರಿ, ನಿಂತು ರಸ್ತೆ ಆರುವವರೆಗೆ ಹಾಕಬೇಡಿ.

ಶಿರಾಡಿ, ಆಗುಂಬೆ ಕಡೆ ಹೋದರೆ ಘಟ್ಟ ಶುರುವಾಗುವ ಮೊದಲೇ ತೆಗೆಯಿರಿ. ತಿರುವಿನಲ್ಲಿ ಮುಂದಿನ ಗಾಡಿ ರಾಡಾರಿನ ನೋಟದಿಂದ ಜಾರುತ್ತದೆ. ಆಗ ಕಾರು ತಿರುವಿನ ಮಧ್ಯದಲ್ಲೇ ಸ್ಪೀಡ್ ಏರಿಸಬಹುದು.

ಉಡುಪಿಯಿಂದ, ಪ್ರಶ್ನೆ ಕೇಳಿದವರು

ತುಂಬಾ ಉಪಕಾರ ಆಯಿತು. ಇನ್ನೊಂದು ಕೇಳುತ್ತೇನೆ. ಹೆಜಮಾಡಿ ಟೋಲಿನಲ್ಲಿ ಅದು ತಾನಾಗೇ ನಿಲ್ಲುತ್ತದಾ? ಮತ್ತೆ ‘ರೆಸ್’ ಅಂತ ಒಂದು ಬಟನ್ ಇದೆಯಲ್ಲ, ಅದು ಯಾವಾಗ?

ಕಾಪುವಿನಿಂದ

ಟೋಲಿಗೆ ಅರ್ಧ ಕಿಲೋಮೀಟರ್ ಇರುವಾಗಲೇ ತೆಗೆಯಿರಿ. ಕೆಲವು ಕಾರುಗಳು ಮುಂದಿನ ಗಾಡಿಯ ಹಿಂದೆ ಪೂರ್ತಿ ನಿಲ್ಲುತ್ತವೆ. ಕೆಲವು 30ರ ಆಸುಪಾಸಿನಲ್ಲಿ ಕೈಬಿಡುತ್ತವೆ. ನಿಮ್ಮದು ಯಾವುದು ಅಂತ ಪುಸ್ತಕದಲ್ಲಿ ನೋಡಿಕೊಳ್ಳಿ. ಟೋಲಿನ ಕೋಲು ಅದಕ್ಕೆ ಕಾಣುತ್ತದೆ ಅಂತ ಅಂದುಕೊಳ್ಳಲೇಬೇಡಿ.

ರೆಸ್ ಬಟನ್ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಬ್ರೇಕ್ ಒತ್ತಿದರೆ ಕ್ರೂಸ್ ಬಿಡುತ್ತದೆ, ಆದರೆ ಹಳೆಯ ಸ್ಪೀಡ್ ನೆನಪಿನಲ್ಲಿ ಇರುತ್ತದೆ. ಕಟಪಾಡಿಯಲ್ಲಿ ಸರ್ವಿಸ್ ರೋಡಿಗೆ ಇಳಿದು, ಮರೆತು ರೆಸ್ ಒತ್ತಿದರೆ, ಮುಂದೆ ಗಾಡಿ ಇಲ್ಲದಿದ್ದರೆ ಕಾರು 80ಕ್ಕೆ ಹೊರಡುತ್ತದೆ. ನಾನು ಆ ಬಟನ್ ಮುಟ್ಟುವುದಿಲ್ಲ. ಆಗಿನ ಸ್ಪೀಡಿಗೆ ಹೊಸದಾಗಿಯೇ ಸೆಟ್ ಮಾಡುತ್ತೇನೆ.

ಈ ಭಾನುವಾರ ಮಳೆ ಇಲ್ಲದಿದ್ದರೆ ಬೆಳಗ್ಗೆ ಆರಕ್ಕೆ ಸಂತೆಕಟ್ಟೆಯಿಂದ ಬ್ರಹ್ಮಾವರದ ಕಡೆ ಹೋಗಿ ಬನ್ನಿ, 60ಕ್ಕೆ ಸೆಟ್ ಮಾಡಿ, ಗ್ಯಾಪ್ ಪೂರ್ತಿ ದೊಡ್ಡದು ಇಟ್ಟು. ಬೇಕಿದ್ದರೆ ನಾನು ಪಕ್ಕದಲ್ಲಿ ಕೂತು ಬರುತ್ತೇನೆ.