ರಕ್ತ ಕೊಡಲು ಹೋಗಿ ಎರಡು ಸಲ ವಾಪಸ್ ಬಂದೆ, ಅನುಭವ ಇದ್ದವರು ಹೇಳಿ

ಬದಿಯಡ್ಕದಿಂದ: ಅಪ್ಪನಿಗೆ ಮುಂದಿನ ತಿಂಗಳು ಮಂಗಳೂರಿನಲ್ಲಿ ಬೈಪಾಸ್. ರಕ್ತ ಕೊಡುವವರನ್ನು ಕರೆದುಕೊಂಡು ಬನ್ನಿ ಅಂದಿದ್ದಾರೆ. ನನಗೆ 26 ವರ್ಷ, ತೂಕ 52. ಹಿಮೋಗ್ಲೋಬಿನ್ 12.1, ಸಾಲದು ಅಂತ ಎರಡು ಸಲ ಕಳಿಸಿಬಿಟ್ಟರು. ತಮ್ಮ ಎಂಟು ತಿಂಗಳ ಹಿಂದೆ ಟ್ಯಾಟೂ ಹಾಕಿಸಿಕೊಂಡಿದ್ದಾನೆ. ಏನು ಮಾಡಲಿ?

ಪೆರ್ಲದ ಟೀಚರ್: ನನ್ನದು 11.8 ಇತ್ತು ತಂಗಿ. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ನೀರಿಗೆ ಬಿಟ್ಟರು. ಹಿಮೋಗ್ಲೋಬಿನ್ ಸಾಕಷ್ಟಿದ್ದರೆ ಮುಳುಗಬೇಕಿತ್ತು. ನಡುವಿನಲ್ಲೇ ನಿಂತು ಮೆಲ್ಲ ಮೇಲೆ ಬಂತು. ಅದನ್ನು ನೋಡುತ್ತಾ ಅಲ್ಲೇ ಅತ್ತೆ. ಆಮೇಲೆ ನಾಲ್ಕು ತಿಂಗಳು ಐರನ್ ಮಾತ್ರೆ. ತಿಂಗಳಿಗೆ 280 ರೂಪಾಯಿಯಂತೆ 1,120. ಡಾಕ್ಟರಿಗೆ ಎರಡು ಸಲ 600. ರಕ್ತ ಪರೀಕ್ಷೆ ಮೂರು ಸಲ 360. ಬಸ್ಸಿಗೆ 540. ಒಟ್ಟು 2,620, ಲೆಕ್ಕ ಬರೆದಿಟ್ಟಿದ್ದೇನೆ. ರಜೆ ಹಾಕಿದ ದಿನಗಳ ಸಂಬಳ ಬೇರೆ ಹೋಯಿತು. ಮಾತ್ರೆಯಿಂದ ಮಲಬದ್ಧತೆ, ಹೊಟ್ಟೆಯುರಿ. ಊಟದ ಬೆನ್ನಿಗೆ ಚಾ ಕುಡಿಯುತ್ತಿದ್ದೆ, ಅದನ್ನು ಬಿಟ್ಟ ಮೇಲೆಯೇ ಏರಿದ್ದು. ಕೊನೆಗೆ 12.8 ಬಂತು, 350 ಮಿಲಿ ಕೊಟ್ಟೆ. ಆದರೆ ಯಾರಿಗಾಗಿ ಹೊರಟಿದ್ದೆನೋ ಆ ಚಿಕ್ಕಮ್ಮನ ಆಪರೇಷನ್ ಅಷ್ಟರಲ್ಲಿ ಮುಗಿದಿತ್ತು. ಆ ಬೇಜಾರು ಇನ್ನೂ ಹೋಗಿಲ್ಲ.

ಉಪ್ಪಳದಿಂದ: ನಾನು 31 ಸಲ ಕೊಟ್ಟವನು. ಮಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವಾಗ ಮಲೇರಿಯಾ ಬಂತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ವಾಸಿಯಾದ ಮೇಲೆ ಮೂರು ತಿಂಗಳು ಬೇಡ ಅಂದರು. ಅದು ಮುಗಿಯುವಷ್ಟರಲ್ಲಿ ಡೆಂಗ್ಯೂ. ಮತ್ತೆ ಆರು ತಿಂಗಳು. ಆ ಸಮಯದಲ್ಲೇ ಗೆಳೆಯನ ಹೆಂಡತಿಗೆ ಹೆರಿಗೆಯಲ್ಲಿ ರಕ್ತ ಬೇಕಾಯಿತು. ನಾನು ಹೊರಗೆ ಕೈಕಟ್ಟಿ ನಿಂತಿದ್ದೆ. ಆದರೂ ಸುಳ್ಳು ಹೇಳಲಿಲ್ಲ.

ಮಂಜೇಶ್ವರದಿಂದ: ನಾನು ಸುಳ್ಳು ಹೇಳಿದ್ದೇನೆ. ಬೆನ್ನಿನ ಮೇಲೆ ಟ್ಯಾಟೂ ಹಾಕಿಸಿ ಐದು ತಿಂಗಳಾಗಿತ್ತು. ಅಮ್ಮನಿಗೆ ಆಪರೇಷನ್ ಆದ ರಾತ್ರಿ ರಕ್ತ ನಿಲ್ಲಲಿಲ್ಲ. 17 ಜನಕ್ಕೆ ಫೋನ್ ಮಾಡಿದೆ, ಒಬ್ಬರೂ ಬರಲಿಲ್ಲ. ಫಾರಂನಲ್ಲಿ ಟ್ಯಾಟೂ ಇಲ್ಲ ಅಂತ ಬರೆದೆ. ಏನೂ ಆಗಲಿಲ್ಲ. ಕೊಟ್ಟ ರಕ್ತವನ್ನು ಹೇಗೂ ಟೆಸ್ಟ್ ಮಾಡ್ತಾರಲ್ವಾ? ಮತ್ತೆ ಒಂದು ವರ್ಷ ಯಾಕೆ ಕಾಯಬೇಕು?

ಕಾಸರಗೋಡಿನಿಂದ: ನಾನು ಬ್ಲಡ್ ಬ್ಯಾಂಕಿನಲ್ಲಿ ಏಳು ವರ್ಷ ಕೆಲಸ ಮಾಡಿದವಳು. ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ, ಈ ಐದನ್ನೂ ನೋಡುತ್ತೇವೆ. ಆದರೆ ಟ್ಯಾಟೂ ಸೂಜಿಯಿಂದ ವೈರಸ್ ಹೊಸದಾಗಿ ಹೊಕ್ಕಿದ್ದರೆ ಶುರುವಿನಲ್ಲಿ ಟೆಸ್ಟಿಗೆ ಸಿಗುವುದಿಲ್ಲ. ಅದಕ್ಕೇ 12 ತಿಂಗಳು. ಒಂದು ಬ್ಯಾಗನ್ನು ಕೆಂಪು ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಅಂತ ಬೇರೆ ಮಾಡಿ ಮೂರು ಜನಕ್ಕೆ ಹಾಕುತ್ತೇವೆ. ನಿಮ್ಮ ರಕ್ತ ಯಾರ್‍ಯಾರಿಗೆ ಹೋಯಿತು ಅಂತ ನಿಮಗೆ ಗೊತ್ತಾ?

ಮಂಜೇಶ್ವರದಿಂದ: ನಿಮ್ಮ ಅಮ್ಮ ಒಳಗೆ ಮಲಗಿದ್ದರೆ ಹೀಗೆ ಹೇಳುತ್ತಿರಲಿಲ್ಲ.

ಉಪ್ಪಳದಿಂದ: ನನ್ನ ಅಕ್ಕನ ಮಗನಿಗೆ ಥಲಸ್ಸೀಮಿಯಾ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಒಂಬತ್ತು ವರ್ಷದ ಮಗು. ಪ್ರತಿ ಸಲ ಬೇರೆ ಯಾರದೋ ರಕ್ತ. ಏನೂ ಆಗಲಿಲ್ಲ ಅಂತ ನೀವು ಅವನ ತಾಯಿಯ ಎದುರು ನಿಂತು ಹೇಳಿ ನೋಡುವ.

ಮುಳ್ಳೇರಿಯದಿಂದ: ಸುಳ್ಳಿನ ಮಾತು ಬಿಡಿ, ಫಾರಂ ಓದಲಿಕ್ಕೇ ಆಗದಿದ್ದರೆ? ಇಲ್ಲಿ ಒಂದು ಶಿಬಿರದಲ್ಲಿ ಬರೀ ಮಲಯಾಳ ಫಾರಂ ಕೊಟ್ಟರು. ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಪಕ್ಕದ ಹುಡುಗ ಅವಸರದಲ್ಲಿ ಎಲ್ಲಾ ಕಡೆ 'ಇಲ್ಲ' ಅಂತ ಗುರುತು ಹಾಕಿದ. ಅದರಲ್ಲಿ ಕಾಮಾಲೆಯ ಪ್ರಶ್ನೆ ಇತ್ತು, ನನಗೆ ಏಳು ತಿಂಗಳ ಹಿಂದೆ ಬಂದಿತ್ತು. ಡಾಕ್ಟರ್ ಬಾಯಲ್ಲಿ ಕೇಳಿದ್ದರಿಂದ ಗೊತ್ತಾಯಿತು. ಇಲ್ಲದಿದ್ದರೆ?

ಕುಂಬಳೆಯಿಂದ: ಹುಟ್ಟಿ ಬೆಳೆದದ್ದು ಇಲ್ಲೇ ಅಲ್ವಾ? ಓದಲು ಕಲಿತರೆ ಏನು ನಷ್ಟ?

ಮುಳ್ಳೇರಿಯದಿಂದ: 1956ರಲ್ಲಿ ನಮ್ಮನ್ನು ಕೇಳಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದರಾ? ಕನ್ನಡ ಫಾರಂ ಕೇಳುವುದು ನಮ್ಮ ಹಕ್ಕು.

ಕುಂಬಳೆಯಿಂದ: ಕನ್ನಡ ಕನ್ನಡ ಅನ್ನುತ್ತೀರಿ. 2020ರಲ್ಲಿ ಕೊರೊನಾ ಬಂದಾಗ ತಲಪಾಡಿ ಗಡಿಯಲ್ಲಿ ದಾರಿ ಮುಚ್ಚಿದ್ದು ಯಾರು? ಕರ್ನಾಟಕವೇ ಅಲ್ವಾ? ನನ್ನ ಮಾವನ ಡಯಾಲಿಸಿಸ್ ಮಂಗಳೂರಿನಲ್ಲಿತ್ತು. ಆಂಬುಲೆನ್ಸಿನಲ್ಲಿ ಎರಡು ಗಂಟೆ ಕಾದು ತಿರುಗಿ ಬಂದೆವು.

ಕಾಸರಗೋಡಿನಿಂದ: ಆ ತಂಗಿ ಕೇಳಿದ್ದು ಏನು, ನೀವು ಜಗಳ ಮಾಡುತ್ತಿರುವುದು ಏನು? ತಂಗಿ, ಆಸ್ಪತ್ರೆಯಲ್ಲಿ ಕೇಳಿ ನೋಡಿ. ಅಪ್ಪನಿಗೆ ಹಾಕುವ ರಕ್ತದ ಬದಲಿಗೆ ಬ್ಲಡ್ ಬ್ಯಾಂಕಿಗೆ ಕೊಡುವ ರಕ್ತ ಅಪ್ಪನ ಗುಂಪಿನದ್ದೇ ಆಗಬೇಕು ಅಂತ ಸಾಮಾನ್ಯವಾಗಿ ಇರುವುದಿಲ್ಲ.

ಬದಿಯಡ್ಕದಿಂದ: ತಮ್ಮನಿಗೆ ಎಲ್ಲಾ ಓದಿ ಹೇಳಿದೆ. ಅವನು ಕೊಡುವುದಿಲ್ಲ. ಮಾವನ ಮಗ ಬರುತ್ತೇನೆ ಅಂದಿದ್ದಾನೆ, ತೂಕ 61. ಆದರೆ ಹೋದ ವಾರ ಹಲ್ಲು ಕೀಳಿಸಿದ್ದಾನೆ. ಅದನ್ನೂ ಹೇಳಬೇಕಾ ಅಕ್ಕ?

ಪೆರ್ಲದ ಟೀಚರ್: ಹೇಳಲೇಬೇಕು. ಹೊರಡುವ ಮೊದಲು ಫೋನ್ ಮಾಡಿ ಕೇಳಿ, ಬಸ್ಸಿನ ದುಡ್ಡಾದರೂ ಉಳಿಯುತ್ತದೆ.