ಸಹಾಯ ಬೇಕು: ಟರ್ಬುಲೆನ್ಸ್ ಡೇಟಾದಾಗ ಆರನೇ ಘಾತ ಕೂಡವಲ್ದು
ನಮಸ್ಕಾರ್ರಿ. ಧಾರವಾಡದಾಗ ಭೌತಶಾಸ್ತ್ರ ಎಂಎಸ್ಸಿ ಓದಾಕತ್ತೇನಿ, ಪ್ರಾಜೆಕ್ಟು ಟರ್ಬುಲೆನ್ಸ್ (ಗಾಳಿ-ನೀರಿನ ಅಡ್ಡಾದಿಡ್ಡಿ, ಸುಳಿಸುಳಿ ಹರಿವು) ಮ್ಯಾಲೆ. ಗಾಳಿ ಸುರಂಗದ ಹಾಟ್-ವೈರ್ (ಗಾಳಿ ವೇಗ ಅಳಿಯೋ ಬಿಸಿ ತಂತಿ) ಡೇಟಾ ಕೈಯಾಗ ಐತಿ. ಎರಡು ಬಿಂದುಗಳ ವೇಗದ ವ್ಯತ್ಯಾಸ ತಗೊಂಡು ಅದರ ಘಾತಗಳ ಸರಾಸರಿ ಲೆಕ್ಕ ಹಾಕಾಕತ್ತೇನಿ. ಆ ಸರಾಸರಿ ಬಿಂದುಗಳ ನಡುವಿನ ದೂರದ ಎಷ್ಟನೇ ಘಾತದಂಗ ಬೆಳಿತೈತಿ ಅನ್ನೋ ಸಂಖ್ಯೆನ ಘಾತಾಂಕ.

ರಷ್ಯಾದ ಗಣಿತಜ್ಞ ಕೊಲ್ಮೊಗೊರೊವ್ 1941ರಾಗ ಹೇಳಿದ ಘಾತಾಂಕ 2/3 ಎರಡನೇ ಘಾತಕ್ಕ ಹೆಚ್ಚುಕಡಿಮಿ ಬರತೈತಿ. ಮೂರನೇದರ 4/5 ನಿಯಮನೂ (ಇಲ್ಲಿ 4/5 ಗುಣಾಂಕ, ಘಾತಾಂಕ 1) ಕೂಡತೈತಿ. ಅದು ಹರಿವಿನ ಮೂಲ ಸಮೀಕರಣವಾದ ನೇವಿಯರ್-ಸ್ಟೋಕ್ಸ್ ಸಮೀಕರಣದಿಂದನ ಹುಟ್ಟಿದ್ದು, ಕೂಡಲೇಬೇಕಲ್ಲ. ತಕರಾರು ಆರನೇದರಾಗ. 1941ರ ಲೆಕ್ಕಕ್ಕ ಘಾತಾಂಕ 2, ಶಕ್ತಿ ಒಂದೇ ಸಮ ಕರಗೂದಿಲ್ಲ ಅನ್ನೋದನ್ನ ಲೆಕ್ಕಕ್ಕ ಹಿಡಿದ 1994ರ ಶೀ-ಲೆವೆಕ್ ಸೂತ್ರಕ್ಕ 1.78. ನಾನು ಫಿಟ್ ಮಾಡೋ ದೂರದ ರೇಂಜ್ ಒಂಚೂರು ಸರಿಸಿದ್ರ 1.7, ಮತ್ತೊಂಚೂರು ಸರಿಸಿದ್ರ 1.9. ಬೇಕಾದ್ದು ಸಾಬೀತು ಮಾಡಬಹುದು, ಅದ ಹೆದರಿಕಿ!

ವೇಗ ವ್ಯತ್ಯಾಸದ ಹಿಸ್ಟೋಗ್ರಾಂ ಬಾಲದಾಗ ಬೆರಳೆಣಿಕಿಯಷ್ಟು ದೊಡ್ಡ ಜಿಗಿತ ಅದಾವ. ಅವನ್ನ ತಗದ್ರ ಉತ್ತರನ ಬದಲಾಗತೈತಿ. ಆದ್ರ ಶಕ್ತಿ ಎಲ್ಲಾ ಕಡೆ ಒಂದೇ ಸಮ ಕರಗೂದಿಲ್ಲ ಅಂತ ಭೌತವಿಜ್ಞಾನಿ ಲ್ಯಾಂಡೌ 1941ರ ಲೆಕ್ಕಕ್ಕ ಎತ್ತಿದ ಆಕ್ಷೇಪ ನೋಡಿದ್ರ ಆ ಜಿಗಿತ ಖರೇನ ಇರಬಹುದು, ಅವನ್ನ ಕಿತ್ತು ಒಗಿಯಾಕ ಮನಸ್ಸು ಬರವಲ್ದು.

ಆರನೇ ಘಾತ ನಂಬಾಕ ಸ್ಯಾಂಪಲ್ ಸಾಕಾತೋ ಇಲ್ಲೋ ಅಂತ ಪರೀಕ್ಷಾ ಮಾಡೋದು ಹೆಂಗ್ರಿ? ಮೂರನೇದರ ಎದುರು ಆರನೇದನ್ನ ಲಾಗ್-ಲಾಗ್ ಪ್ಲಾಟ್ ಮಾಡಿ ಇಳಿಜಾರು ತಗದ್ರ ವೈವಾದಾಗ ನಿಲ್ಲತೈತೇನು? ಹುಬ್ಬಳ್ಳಿ-ಧಾರವಾಡದಾಗ ಇದನ್ನ ಮಾಡಿದವರಿದ್ರ ಕಮೆಂಟ್ ಹಾಕ್ರಿ, ಭಾನುವಾರ ಲ್ಯಾಪ್‌ಟಾಪ್ ಹಿಡಕೊಂಡು ನಾನ ಬರ್ತೇನಿ. ಗಿರ್ಮಿಟ್ಟು-ಚಹಾ ಖರ್ಚು ನಂದ. ಕೋಡ್ ಪೈಥಾನ್‌ದಾಗ ಐತಿ, ಕೇಳಿದ್ರ ಮೊದಲ ಕಳಸ್ತೇನಿ.